ವಾರ್ಡಿನ ಗೆರೆ ಎಳೆಯುವವರು ಯಾರು?

(ವಾಚನಾಲಯವೊಂದರಲ್ಲಿ ಶಿಕ್ಷಕರೂ ನಾಗರಿಕರೂ ಕೂಡಿದ ಸಭೆಯ ಮುಂದೆ ಮಾಡಿದ ಭಾಷಣ)



ಹೊಲದ ಬದುವು ಒಂದು ಗೇಣು ಅತ್ತಿತ್ತ ಸರಿದರೆ ನಮ್ಮ ನಾಡಿನ ಒಕ್ಕಲಿಗನು ಸುಮ್ಮನೆ ಕೂಡುವವನಲ್ಲ. ಬಾಂದುಗಲ್ಲು ಎಲ್ಲಿ ಹುಗಿದಿದೆಯೆಂಬುದನ್ನು ಅಜ್ಜನ ಕಾಲದಿಂದಲೂ ನೆನಪಿನಲ್ಲಿಟ್ಟುಕೊಂಡು, ಮೋಜಣಿದಾರನನ್ನು ಕರೆಯಿಸಿ, ಕೊನೆಗೆ ಕೋರ್ಟಿನ ಮೆಟ್ಟಿಲನ್ನಾದರೂ ಏರಿ, ಎರಡು ತಲೆಮಾರು ವ್ಯಾಜ್ಯ ನಡೆಯಿಸುವನು. ಆದರೆ ಅದೇ ಮನುಷ್ಯನು ಪಟ್ಟಣಕ್ಕೆ ಬಂದು ನೆಲಸಿದ ತರುವಾಯ, ತನ್ನ ಮನೆ ಯಾವ ವಾರ್ಡಿನೊಳಗಿದೆ, ಆ ವಾರ್ಡಿನ ಎಲ್ಲೆಯು ಯಾವ ಓಣಿಯಿಂದ ಯಾವ ಓಣಿಯವರೆಗೆ ಹೋಗುತ್ತದೆ, ಕಳೆದ ಸಲವಿದ್ದ ಎಲ್ಲೆಯು ಈ ಸಲ ಏಕೆ ಬದಲಾಯಿತು ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಅವನನ್ನಷ್ಟೇ ಏಕೆ ದೂರಬೇಕು? ಓದುಬರಹ ಬಲ್ಲ ನಮ್ಮಲ್ಲಿಯೂ ಬಹುಮಂದಿಗೆ ಇದು ತಿಳಿಯದು. ಆ ಗೆರೆಯ ವಿಷಯವಾಗಿಯೇ ಇಂದು ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇನೆ.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಾನು ಹಿಂದೆ ವಾಸವಾಗಿದ್ದ ಒಂದು ಊರಿನಲ್ಲಿ ನಮ್ಮ ಓಣಿಯ ನಟ್ಟನಡುವೆ ಒಂದು ಗಟಾರ ಹರಿಯುತ್ತಿತ್ತು. ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದಾಗ ಆ ಗಟಾರವನ್ನೇ ಗಡಿಯಾಗಿ ಮಾಡಿದರು. ನಕಾಶೆಯ ಮೇಲೆ ಅದು ಬಹು ಸೊಗಸಾದ ಗಡಿಯೇ ಸರಿ. ನೆಟ್ಟಗೆ, ಸ್ಪಷ್ಟವಾಗಿ, ಯಾರಿಗೂ ಸಂದೇಹ ಬಾರದಂತೆ ಇತ್ತು. ಎಡಗಡೆಯ ಮನೆಗಳು ಒಂದು ವಾರ್ಡಿಗೆ, ಬಲಗಡೆಯವು ಇನ್ನೊಂದಕ್ಕೆ ಸೇರಿದವು. ನಡುವಿನ ಗಟಾರ ಯಾರದು? ಮಳೆಗಾಲದಲ್ಲಿ ಅದು ಕಟ್ಟಿಕೊಂಡಾಗ ಎರಡೂ ವಾರ್ಡುಗಳ ಸದಸ್ಯರು ಬಂದು ನೋಡಿದರು. ಇಬ್ಬರೂ ಸಭ್ಯರೇ. ಇಬ್ಬರೂ 'ಇದು ಅತ್ತಕಡೆಯವರಿಗೆ ಸಂಬಂಧಿಸಿದ್ದು' ಎಂದು ಹೇಳಿ ಹೋದರು. ನೀರು ಮಾತ್ರ ಪಕ್ಷಪಾತವಿಲ್ಲದೆ ಎರಡೂ ಕಡೆಯ ಮನೆಗಳೊಳಗೆ ನುಗ್ಗಿತು. ಆ ಗೆರೆ ಎಳೆದವರು ದುಷ್ಟರಾಗಿರಲಿಲ್ಲ. ಅವರು ನಮ್ಮ ಓಣಿಗೆ ಬಂದಿರಲಿಲ್ಲ, ಅಷ್ಟೆ. ನಾವೂ ಅವರ ಕಚೇರಿಗೆ ಹೋಗಿರಲಿಲ್ಲ.

ಗೆರೆಯು ಅಡ್ಡತಿಡ್ಡವಾದರೆ ಗಟಾರ ಕೆಡುತ್ತದೆ. ಗೆರೆಯೊಳಗಿನ ಜನಸಂಖ್ಯೆ ಏರುಪೇರಾದರೆ ಮತದ ಬೆಲೆಯೇ ಕೆಡುತ್ತದೆ. ಒಂದೇ ಶಾಲೆಯಲ್ಲಿ ಒಂದು ವರ್ಗಕ್ಕೆ 30 ಮಕ್ಕಳು, ಪಕ್ಕದ ವರ್ಗಕ್ಕೆ 90 ಮಕ್ಕಳು, ಇಬ್ಬರು ಶಿಕ್ಷಕರಿಗೂ ಒಂದೇ ಹೊತ್ತು, ಒಂದೇ ಹಲಗೆ ಎಂದರೆ ಯಾವ ಮಗುವಿಗೆ ಅನ್ಯಾಯವಾಯಿತೆಂದು ನಿಮಗೆ ವಿವರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಆದದ್ದು ಇದೇ. 2007ರಲ್ಲಿ ಹಳೆಯ ಪಾಲಿಕೆಯ 100 ವಾರ್ಡುಗಳ ಜತೆಗೆ ಸುತ್ತಣ 7 ನಗರಸಭೆಗಳನ್ನೂ ಕೆಂಗೇರಿಯ ಪುರಸಭೆಯನ್ನೂ 110 ಹಳ್ಳಿಗಳನ್ನೂ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸಿದರು. ಅದಕ್ಕೆ 198 ವಾರ್ಡುಗಳನ್ನು ಗೊತ್ತುಪಡಿಸಿದರು. 2011ರ ಖಾನೇಷುಮಾರಿಯ ಲೆಕ್ಕ ಬಂದಾಗ ಆ ಪಾಲಿಕೆಯಲ್ಲಿ 84 ಲಕ್ಷ 43 ಸಾವಿರ ಜನರಿದ್ದರು; ಎಂದರೆ ಸರಾಸರಿ 42,600 ಜನರಿಗೆ ಒಬ್ಬ ಸದಸ್ಯ. ಆದರೆ ಸರಾಸರಿಯೆಂಬುದು ಯಾರ ಮನೆಯಲ್ಲಿಯೂ ವಾಸಿಸುವುದಿಲ್ಲ. ನಗರದ ಅಂಚಿನ ಹೊರಮಾವು ವಾರ್ಡಿನಲ್ಲಿ ಜನಸಂಖ್ಯೆ 90 ಸಾವಿರವನ್ನು ಮೀರಿತ್ತು. ಹಳೆಯ ಭಾಗದ ಹಲವು ವಾರ್ಡುಗಳಲ್ಲಿ 35 ಸಾವಿರವೂ ಇರಲಿಲ್ಲ. ಹೊಸದಾಗಿ ಮನೆ ಕಟ್ಟಿಕೊಂಡು ರಸ್ತೆ, ನಳ, ದೀಪ ಎಲ್ಲವನ್ನೂ ಬೇಡಬೇಕಾದವನ ಮತಕ್ಕೆ ಬೆಲೆ ಕಡಿಮೆ. ಇವೆಲ್ಲವನ್ನೂ ಹಿಂದೆಯೇ ಪಡೆದವನ ಮತಕ್ಕೆ ಬೆಲೆ ಹೆಚ್ಚು. ಇದನ್ನು ಯಾರೂ ಠರಾವು ಮಾಡಿ ಜಾರಿಗೆ ತಂದದ್ದಲ್ಲ. ಊರು ಬೆಳೆಯಿತು, ಗೆರೆ ನಿಂತಲ್ಲಿಯೇ ನಿಂತಿತು.

ಇನ್ನು ಸದಸ್ಯರ ಸಂಖ್ಯೆ. ಇಲ್ಲಿಯ ವಿಚಿತ್ರವನ್ನು ನೋಡಿರಿ. ಹಾವೇರಿಯ ನಗರಸಭೆಯಲ್ಲಿ 31 ಸದಸ್ಯ ಸ್ಥಾನಗಳು. 2011ರಲ್ಲಿ ಊರಿನ ಜನ ಸುಮಾರು 67 ಸಾವಿರ. ಸುಮಾರು 2,200 ಜನಕ್ಕೆ ಒಬ್ಬ. ಗದಗ-ಬೆಟಗೇರಿಯಲ್ಲಿ 35 ಸ್ಥಾನ, 1 ಲಕ್ಷ 72 ಸಾವಿರ ಜನ, 4,900ಕ್ಕೆ ಒಬ್ಬ. ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯಲ್ಲಿ ಮೊದಲು 67 ವಾರ್ಡುಗಳಿದ್ದವು. 2021ರ ಚುನಾವಣೆಗೆ 82 ಆದವು. 9 ಲಕ್ಷ 44 ಸಾವಿರ ಜನರಲ್ಲಿ ಆಗ ಒಬ್ಬನ ಪಾಲಿಗೆ 14,000 ಇದ್ದದ್ದು 11,500ಕ್ಕೆ ಇಳಿಯಿತು. ಬೆಂಗಳೂರಿನ ಲೆಕ್ಕವನ್ನು ಆಗಲೇ ಹೇಳಿದೆ. ಹಾವೇರಿಯ ಸದಸ್ಯನು ತನ್ನ ವಾರ್ಡಿನ ಪ್ರತಿಯೊಂದು ಮನೆಯ ಮದುವೆಗೂ ಹೋಗಿಬರಬಲ್ಲನು. ಬೆಂಗಳೂರಿನವನು ತನ್ನ ವಾರ್ಡನ್ನೆಲ್ಲ ಒಮ್ಮೆ ಕಾಲ್ನಡಿಗೆಯಿಂದ ಸುತ್ತುವಷ್ಟರಲ್ಲಿ ಮುದತ್ತು ಮುಗಿಯಬಹುದು. ಅದೇ ಬೆಂಗಳೂರು 1949ರಲ್ಲಿ ಪೇಟೆ ಮತ್ತು ದಂಡಿನ ಪ್ರದೇಶಗಳ ಎರಡು ಮುನಸಿಪಾಲಟಿಗಳು ಕೂಡಿ ಕಾರ್ಪೊರೇಶನ್ ಆದಾಗ 70 ಸದಸ್ಯರನ್ನು ಪಡೆದಿತ್ತು. 1951ರಲ್ಲಿ ನಗರದ ಜನ 7 ಲಕ್ಷ 79 ಸಾವಿರ. ಎಂದರೆ 11 ಸಾವಿರಕ್ಕೆ ಒಬ್ಬ. ಅರುವತ್ತು ವರ್ಷಗಳಲ್ಲಿ ಪ್ರತಿನಿಧಿಯು ನಾಗರಿಕನಿಂದ ನಾಲ್ಕು ಪಟ್ಟು ದೂರ ಸರಿದನು.

ಹೀಗಿರುವಾಗ ಸಂಖ್ಯೆಯನ್ನು ಹೆಚ್ಚಿಸಿದರೆ ಎಲ್ಲವೂ ಸರಿಹೋದೀತೆಂದು ಹೇಳುವವರಿದ್ದಾರೆ. ನಾನು ಅಷ್ಟು ಬೇಗ ಒಪ್ಪುವವನಲ್ಲ. ಸದಸ್ಯನು ಹತ್ತಿರ ಬಂದರೆ ಒಳ್ಳೆಯದೇ. ಆದರೆ ಬಂದವನ ಕೈಯಲ್ಲಿ ಏನಿದೆ? ಬೆಂಗಳೂರಿನ ಕುಡಿಯುವ ನೀರು 1964ರಿಂದ ಜಲಮಂಡಳಿಯ ಕೈಯಲ್ಲಿದೆ. ಬಡಾವಣೆಗಳ ಯೋಜನೆಯನ್ನು 1976ರ ಕಾಯದೆಯಿಂದ ಅಭಿವೃದ್ಧಿ ಪ್ರಾಧಿಕಾರಕ್ಕೆ ವಹಿಸಲಾಯಿತು. 2025ರಲ್ಲಿ ಜಾರಿಗೆ ಬಂದ ಗ್ರೇಟರ್ ಬೆಂಗಳೂರು ಕಾಯದೆಯಂತೆ ನಗರವು ಐದು ಪಾಲಿಕೆಗಳಾಗಿ ಒಡೆಯಿತು. ಅವೆಲ್ಲವುಗಳ ಮೇಲಿನ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಅಡಿಗೆಮನೆಯ ಬೀಗದಕೈಯನ್ನು ಬೇರೊಬ್ಬರಲ್ಲಿಟ್ಟು ಬಡಿಸುವವರ ಸಂಖ್ಯೆಯನ್ನು ಹೆಚ್ಚಿಸಿದರೆ ಉಣ್ಣುವವನ ಎಲೆ ತುಂಬುವುದಿಲ್ಲ.

ಒಂದು ಹಳೆಯ ಸಂಗತಿಯನ್ನು ಇಲ್ಲಿಯೇ ನೆನೆಯಬೇಕು. 1956ಕ್ಕೆ ಮೊದಲು ಕನ್ನಡಿಗರ ಊರುಗಳು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಧಾರವಾಡದ ಮುನಸಿಪಾಲಟಿಗೆ ಮುಂಬಯಿಯ ಕಾಯದೆ, ಬಳ್ಳಾರಿ ಮಂಗಳೂರುಗಳಿಗೆ ಮದರಾಸಿನದು, ಕಲಬುರ್ಗಿಗೆ ಹೈದರಾಬಾದಿನದು, ತುಮಕೂರಿಗೆ ಮೈಸೂರಿನದು. ನಾಡು ಒಂದಾದ ತರುವಾಯವೂ ಪುರಸಭೆಗಳಿಗೆಲ್ಲ ಒಂದೇ ಕಾಯದೆ ಆಗುವುದಕ್ಕೆ 1964ರವರೆಗೆ ಕಾಯಬೇಕಾಯಿತು, ಮಹಾನಗರಪಾಲಿಕೆಗಳದು 1976ರದು. ರಾಜ್ಯದ ಗಡಿಗಾಗಿ ಅಷ್ಟು ವರ್ಷ ಹೋರಾಡಿದ ಜನ ನಾವು. ಗಡಿಯೆಂದರೆ ಏನು, ಅದು ತಪ್ಪಿದರೆ ಎಷ್ಟು ನೋವು ಎಂಬುದು ನಮಗೆ ಹೊಸ ಪಾಠವಲ್ಲ. ಊರೊಳಗಿನ ಗಡಿಯನ್ನು ಮಾತ್ರ ಗುಮಾಸ್ತರ ಕೆಲಸವೆಂದು ಬಿಟ್ಟುಕೊಟ್ಟೆವು.

ಆದುದರಿಂದ ಪುನರ್ವಿಂಗಡಣೆ ಬೇಕೇ ಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ಗೆರೆಯನ್ನು ತಿದ್ದುತ್ತಿದ್ದೇವೆಂದು ಹೇಳಿ ಚುನಾವಣೆಯನ್ನೇ ಮುಂದೂಡುವುದು ಈಗ ರೂಢಿಯಾಗಿಬಿಟ್ಟಿದೆ. ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಿತು. ನಗರಸಭೆಯ ಮುದತ್ತು ಐದು ವರ್ಷ, ಅದಕ್ಕೆ ಮೇಲ್ಪಟ್ಟು ಇಲ್ಲ. ಮುದತ್ತು ತೀರುವ ಮೊದಲೇ ಮುಂದಿನ ಚುನಾವಣೆ ಆಗತಕ್ಕದ್ದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅಹಮದಾಬಾದಿನ ಪಾಲಿಕೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಮೀರಕೂಡದೆಂದು ಹೇಳಿತು. 2022ರ ಮೇ ತಿಂಗಳಿನಲ್ಲಿ ಮಧ್ಯಪ್ರದೇಶದ ಮೊಕದ್ದಮೆಯಲ್ಲಿ, ವಾರ್ಡುಗಳ ವಿಂಗಡಣೆ ಮುಗಿಯಲಿಲ್ಲವೆಂಬುದು ಚುನಾವಣೆಯನ್ನು ತಡೆಯಲು ಕಾರಣವಾಗಲಾರದೆಂದು ಮತ್ತೊಮ್ಮೆ ಹೇಳಿತು.

ನಡೆದದ್ದೇನು? ಹುಬ್ಬಳ್ಳಿ-ಧಾರವಾಡದಲ್ಲಿ 2019ರಲ್ಲಿ ಮುದತ್ತು ತೀರಿತು. 82 ವಾರ್ಡುಗಳ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ನಡುವಿನ ಎರಡು ವರ್ಷಕ್ಕೆ ಮೇಲ್ಪಟ್ಟ ಕಾಲ ಆಡಳಿತಾಧಿಕಾರಿಗಳದೇ ಕಾರಭಾರ. ಬೆಂಗಳೂರಿನ ಕಥೆ ಇನ್ನೂ ದೀರ್ಘ. ಅಲ್ಲಿಯ ಹಳೆಯ ಪಾಲಿಕೆಯ ಮುದತ್ತು 2006ರ ಕೊನೆಯಲ್ಲಿ ತೀರಿದ ತರುವಾಯ ಹೊಸ ಪಾಲಿಕೆಗೆ ಚುನಾವಣೆಯಾದದ್ದು 2010ರ ಮಾರ್ಚಿನಲ್ಲಿ. ಎರಡನೆಯ ಸಲ, 2015ರ ಆಗಸ್ಟಿನಲ್ಲಿ ಆರಿಸಿದ ಸಭೆಯ ಮುದತ್ತು 2020ರ ಸೆಪ್ಟೆಂಬರಿನಲ್ಲಿ ತೀರಿತು. ಅದೇ ವರ್ಷ ಹೊಸ ಕಾಯದೆ ಮಾಡಿ ವಾರ್ಡುಗಳನ್ನು 243ಕ್ಕೆ ಏರಿಸಿದರು. 2022ರ ಜುಲೈಯಲ್ಲಿ ಆ ಪಟ್ಟಿ ಅಂತಿಮವಾಯಿತು. ಸರಕಾರ ಬದಲಾಯಿತು, 2023ರ ಸೆಪ್ಟೆಂಬರಿನಲ್ಲಿ 225 ವಾರ್ಡುಗಳ ಇನ್ನೊಂದು ಪಟ್ಟಿ ಬಂದಿತು. ನಗರವೇ ಐದು ಪಾಲಿಕೆಗಳಾದ ಮೇಲೆ 2025ರ ನವೆಂಬರಿನಲ್ಲಿ 369 ವಾರ್ಡುಗಳ ಮೂರನೆಯ ಪಟ್ಟಿ. ಮೂರಕ್ಕೂ ಆಧಾರವಾದದ್ದು 2011ರ ಅದೇ ಜನಗಣತಿ! ತಲೆಗಳ ಲೆಕ್ಕ ಒಂದೇ. ಗೆರೆ ಮೂರು ಬಗೆ. 2020ರ ಸೆಪ್ಟೆಂಬರಿನಿಂದ ಆ ಮೂರನೆಯ ಪಟ್ಟಿಯವರೆಗೆ ಎಣಿಸಿದರೆ ಐದು ವರ್ಷ ಎರಡು ತಿಂಗಳು. ಒಂದು ಸಭೆಯ ಇಡೀ ಮುದತ್ತು ಗೆರೆ ಎಳೆಯುವುದರಲ್ಲಿ, ಅಳಿಸುವುದರಲ್ಲಿ ಕಳೆದುಹೋಯಿತು. ತಡಕ್ಕೆ ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಮೀಸಲಾತಿಯ ವ್ಯಾಜ್ಯಗಳಿದ್ದವು, ರೋಗದ ಹಾವಳಿಯಿತ್ತು. ಆದರೂ ಕೇಳುತ್ತೇನೆ: ಏರುಪೇರಾದ ವಾರ್ಡಿನಿಂದ ಬಂದ ಸದಸ್ಯನಿರುವುದು ಲೇಸೋ, ಸದಸ್ಯನೇ ಇಲ್ಲದಿರುವುದು ಲೇಸೋ? ಮತದ ಬೆಲೆ ಅರ್ಧವಾದವನಿಗೆ ಅನ್ಯಾಯವಾಯಿತು, ನಿಜ. ಮತವನ್ನೇ ಹಾಕದಂತೆ ಐದು ವರ್ಷ ಕೂಡಿಸಿದವರಿಗೆ ಏನಾಯಿತೆಂದು ಹೇಳೋಣ?

ಗೆರೆ ಬದಲಾದಾಗಲೆಲ್ಲ ಮೀಸಲು ಸ್ಥಾನಗಳ ಸರದಿಯೂ ಕದಡುತ್ತದೆಂಬುದನ್ನು ಮರೆಯಬಾರದು. ಪರಿಶಿಷ್ಟರಿಗೂ ಸ್ತ್ರೀಯರಿಗೂ ಮೀಸಲಾದ ವಾರ್ಡುಗಳು ಸರದಿಯಂತೆ ತಿರುಗಬೇಕು. ಹಳೆಯ ವಾರ್ಡೇ ಇಲ್ಲವಾದರೆ ಸರದಿಯನ್ನು ಎಲ್ಲಿಂದ ಎಣಿಸುವುದು? ಬೆಂಗಳೂರಿನ 243 ವಾರ್ಡುಗಳ ಮೀಸಲಾತಿ ಪಟ್ಟಿಯನ್ನು 2022ರ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯವು ರದ್ದುಪಡಿಸಿತು.

ಈಗ ನಮ್ಮ ಕೈಯಲ್ಲಿರುವುದನ್ನು ನೋಡೋಣ. ವಿಂಗಡಣೆಯ ಕರಡು ಪ್ರಕಟವಾದ ಮೇಲೆ ನಾಗರಿಕರ ತಕರಾರುಗಳಿಗೆ ಕೆಲವು ದಿನಗಳ ಅವಧಿ ಕೊಡುತ್ತಾರೆ. ಬೆಂಗಳೂರಿನ 2022ರ ಕರಡು ಜೂನ್ 23ರಂದು ಹೊರಟಿತು, ಜುಲೈ 14ಕ್ಕೆ ಅಂತಿಮವಾಯಿತು. ಮೂರು ವಾರದಲ್ಲಿ 84 ಲಕ್ಷ ಜನರ ಗಡಿ ಗೊತ್ತಾಯಿತು. ಅವಧಿ ಸಾಲದೆಂದು ದೂರುವುದು ನ್ಯಾಯವೇ. ಆದರೆ ಆ ಅವಧಿಯಲ್ಲಿ ನಕಾಶೆ ನೋಡಲು ಹೋದವರು ನಮ್ಮ ಓಣಿಯಿಂದ ಎಷ್ಟು ಮಂದಿ? ಅಂತಿಮ ಪ್ರಕಟಣೆ ಹೊರಟ ಮೇಲೆ ನ್ಯಾಯಾಲಯದ ಬಾಗಿಲು ಬಹಳ ಕಿರಿದು. ವಿಂಗಡಣೆಯ ಕಾಯದೆಯ ಸಿಂಧುತ್ವವನ್ನು ಕೋರ್ಟಿನಲ್ಲಿ ಪ್ರಶ್ನಿಸಕೂಡದೆಂದು ಸಂವಿಧಾನದ 243 ಝಡ್‌ಜಿ ಅನುಚ್ಛೇದವೇ ಹೇಳುತ್ತದೆ. ತಕರಾರು ಬರೆಯುವಾಗ 'ನಮಗೆ ಅನ್ಯಾಯವಾಗಿದೆ' ಎಂದರೆ ಯಾರೂ ಕೇಳುವುದಿಲ್ಲ. ಇಂಥ ಓಣಿಯಿಂದ ಇಂಥ ಓಣಿಯವರೆಗೆ ಇಷ್ಟು ಮನೆ, ಇಷ್ಟು ಜನ. ಇದನ್ನು ಪಕ್ಕದ ವಾರ್ಡಿಗೆ ಸೇರಿಸಿದರೆ ಎರಡರ ಸಂಖ್ಯೆಯೂ ಸರಾಸರಿಯ ಹತ್ತಿರ ಬರುತ್ತದೆ. ಶಾಲೆ, ನಳ, ಗಟಾರ ಒಡೆಯದೆ ಉಳಿಯುತ್ತವೆ ಎಂದು ಲೆಕ್ಕ ಕೊಟ್ಟು ಬರೆದರೆ ಅಧಿಕಾರಿಯು ಉತ್ತರ ಹೇಳಲೇಬೇಕಾಗುತ್ತದೆ.

ಆ ಲೆಕ್ಕ ಎಲ್ಲಿಂದ ಬರಬೇಕು? ಶಿಕ್ಷಕ ಬಂಧುಗಳೇ, ನಿಮ್ಮಿಂದಲೇ. ವಾರ್ಡುಗಳನ್ನು ಕಟ್ಟುವ ಇಟ್ಟಿಗೆಗಳೆಂದರೆ ಜನಗಣತಿಯ ಬ್ಲಾಕುಗಳು; ಒಂದೊಂದರಲ್ಲಿ ಸುಮಾರು 600ರಿಂದ 800 ಜನ. ಆ ಬ್ಲಾಕುಗಳನ್ನು ಮನೆಮನೆ ತಿರುಗಿ ಎಣಿಸುವವರು ಬಹುಮಟ್ಟಿಗೆ ಶಾಲಾಶಿಕ್ಷಕರು. ಬಿಸಿಲಿನಲ್ಲಿ ತಿರುಗಿ, ಬೈಯಿಸಿಕೊಂಡು, ನಾಯಿಗಳಿಂದ ಬೆನ್ನಟ್ಟಿಸಿಕೊಂಡು ಮಾಡುವ ಕೆಲಸವದು. ಸಂಭಾವನೆಯೂ ತಡವಾಗಿ ಬರುವುದೆಂದು ನಿಮ್ಮಲ್ಲಿಯೇ ಕೆಲವರು ನಗುತ್ತ ಹೇಳಿದ್ದೀರಿ. 2021ರಲ್ಲಿ ಆಗಬೇಕಾಗಿದ್ದ ಗಣತಿ ಆಗಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಎಣಿಕೆಯ ದಿನವೆಂದು ಗೊತ್ತುಪಡಿಸಿದ್ದಾರೆ. ಹದಿನಾರು ವರ್ಷಗಳ ಹಳೆಯ ಲೆಕ್ಕವನ್ನು ಬದಿಗಿರಿಸುವ ಕಾಲವದು. ನೀವು ಬಿಟ್ಟ ಮನೆ ಮುಂದಿನ ಹತ್ತು ವರ್ಷ ಯಾವ ವಾರ್ಡಿನ ಲೆಕ್ಕದಲ್ಲಿಯೂ ಇರುವುದಿಲ್ಲ. ನೀವು ತಪ್ಪಾಗಿ ಎಳೆದ ಬ್ಲಾಕಿನ ಗೆರೆಯ ಮೇಲೆಯೇ ವಾರ್ಡಿನ ಗೆರೆಯೂ ಕೂಡುವುದು.

ನಾನು ನಮ್ಮ ಊರಿನ ಹಳೆಯ ವಾರ್ಡುಗಳ ನಕಾಶೆಯ ಒಂದು ಪ್ರತಿಯನ್ನು ತಂದು ಈ ಮೇಜಿನ ಮೇಲೆ ಹರಡಿದ್ದೇನೆ. ಪಕ್ಕದಲ್ಲಿ ಕೆಂಪು ಸೀಸದಕಡ್ಡಿಯಿದೆ. ಸಭೆ ಮುಗಿದ ಮೇಲೆ ಒಬ್ಬೊಬ್ಬರೂ ಬಂದು ತಮ್ಮ ಮನೆ ಎಲ್ಲಿದೆಯೆಂದು ಗುರುತು ಹಾಕಿರಿ. ಗೆರೆಯು ನಿಮ್ಮ ಓಣಿಯನ್ನು ಎಲ್ಲಿಯಾದರೂ ಸೀಳಿದ್ದರೆ ಅಲ್ಲಿಯೂ ಒಂದು ಗುರುತು ಹಾಕಿರಿ. ಕೆಳಗಿನ ಪೇಟೆಯವರು ಮೊದಲು ಬರಲಿ. ಅವರ ಕಡೆಯ ಗೆರೆಯೇ ನನಗೆ ಓದಲು ಬಾರದಷ್ಟು ಸುತ್ತಿಕೊಂಡಿದೆ.