ಪರೇಲಿನ ವಿದ್ಯುತ್ ಕಾರು ಮತ್ತು ಬ್ಯಾಟರಿಯ ಆಯುಷ್ಯ

ಮುಂಬಯಿ ನಗರಕ್ಕೆ ವಿದ್ಯುತ್ ವಾಹನ ಹೊಸತಲ್ಲ. 1907ರಲ್ಲಿಯೇ ಅಲ್ಲಿ ವಿದ್ಯುತ್ ಟ್ರಾಂ ಓಡತೊಡಗಿತ್ತು. 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾದವರೆಗೆ ದೇಶದ ಮೊದಲ ವಿದ್ಯುತ್ ರೈಲು ಸಂಚರಿಸಿತು. ಆದರೆ ಟ್ರಾಂ ಆಗಲಿ ರೈಲಾಗಲಿ ತಲೆಯ ಮೇಲಿನ ತಂತಿಯಿಂದ ಶಕ್ತಿಯನ್ನು ಪಡೆಯುವ ವಾಹನಗಳು. ತಂತಿಯಲ್ಲಿ ವಿದ್ಯುತ್ತು ಇರುವವರೆಗೆ ಅವುಗಳ ಓಟಕ್ಕೆ ಮಿತಿಯಿಲ್ಲ. ಇಂದು ಪರೇಲಿನ ಬೀದಿಗಳಲ್ಲಿ ಕಾಣುವ ವಿದ್ಯುತ್ ಕಾರು ತನ್ನ ಶಕ್ತಿಯನ್ನು ತಾನೇ ಹೊತ್ತು ತಿರುಗಬೇಕು. ಹೊತ್ತ ಆ ಬುತ್ತಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗುತ್ತದೆ ಎಂಬುದೇ ಕೊಳ್ಳುವವರನ್ನು ಕಾಡುವ ಶಂಕೆ.

ಈ ಶಂಕೆ ನಿರಾಧಾರವಾದುದಲ್ಲ. ಕಾರಿನ ಬೆಲೆಯಲ್ಲಿ ಬ್ಯಾಟರಿಯದೇ ದೊಡ್ಡ ಪಾಲು. ಸಾಲ ಮಾಡಿ ಕಾರು ಕೊಂಡ ಸಂಸಾರಕ್ಕಾಗಲಿ, ಟ್ಯಾಕ್ಸಿಯನ್ನೇ ನಂಬಿದ ಚಾಲಕನಿಗಾಗಲಿ ಅಕಾಲದಲ್ಲಿ ಬ್ಯಾಟರಿ ಬದಲಿಸುವ ಪ್ರಸಂಗ ಬಂದರೆ ಪೆಟ್ರೋಲಿನಲ್ಲಿ ಉಳಿಸಿದ ಹಣವೆಲ್ಲ ಅದಕ್ಕೇ ಸಲ್ಲುತ್ತದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನ ಒಡೆಯರಿಗೆ ಇದರ ಅನುಭವವಿದೆ. ಅದರಲ್ಲಿದ್ದುದು ಸೀಸ-ಆಮ್ಲದ ಬ್ಯಾಟರಿ. ಹೊಸತರಲ್ಲಿ ಸುಮಾರು 80 ಕಿ.ಮೀ. ಓಡುತ್ತಿದ್ದ ಕಾರು ಕೆಲವೇ ವರ್ಷಗಳಲ್ಲಿ ಬೇಗನೆ ದಣಿಯುತ್ತಿತ್ತು.

ಇಂದಿನ ಕಾರುಗಳಲ್ಲಿರುವುದು ಲಿಥಿಯಂ-ಅಯಾನು ಬ್ಯಾಟರಿ. 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಇದನ್ನು ಮೊದಲು ಮಾರಾಟಕ್ಕೆ ತಂದಿತು; ಇದರ ಮೂಲ ಸಂಶೋಧನೆಗಾಗಿ ಗುಡೆನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಅವರಿಗೆ 2019ರ ನೊಬೆಲ್ ಪಾರಿತೋಷಕ ದೊರೆಯಿತು. ವಿದ್ಯುತ್ತು ತುಂಬುವಾಗ ಲಿಥಿಯಂ ಅಯಾನುಗಳು ಧನಾಗ್ರವನ್ನು ಬಿಟ್ಟು ಋಣಾಗ್ರದ ಗ್ರಾಫೈಟಿನ ಪದರಗಳೊಳಗೆ ಸೇರಿಕೊಳ್ಳುತ್ತವೆ. ಕಾರು ಓಡುವಾಗ ಮರಳಿ ಬರುತ್ತವೆ. ಹೋದಷ್ಟೂ ಮರಳಿದ್ದರೆ ಬ್ಯಾಟರಿಗೆ ಮುಪ್ಪೇ ಇರುತ್ತಿರಲಿಲ್ಲ. ಗ್ರಾಫೈಟಿನ ಮೇಲ್ಮೈಯಲ್ಲಿ ಅತಿ ತೆಳುವಾದ ಪೊರೆಯೊಂದು ಬೆಳೆಯುತ್ತದೆ. ಬ್ಯಾಟರಿಯನ್ನು ರಕ್ಷಿಸುವುದೂ ಇದೇ ಪೊರೆ, ಲಿಥಿಯಮ್ಮನ್ನು ಸ್ವಲ್ಪಸ್ವಲ್ಪವಾಗಿ ಕಬಳಿಸುವುದೂ ಇದೇ. ಆರಂಭದ ತಿಂಗಳುಗಳಲ್ಲಿ ಅದರ ಬೆಳವಣಿಗೆ ತುಸು ಚುರುಕು, ಅನಂತರ ನಿಧಾನ. ಆದ್ದರಿಂದ ಮೊದಲ ವರ್ಷದ ಇಳಿಕೆಯನ್ನು ಕಂಡು ಗಾಬರಿಗೊಂಡು, ಅದೇ ಗತಿಯಲ್ಲಿ ಹತ್ತು ವರ್ಷಗಳ ಲೆಕ್ಕ ಹಾಕುವುದು ಸರಿಯಲ್ಲ.

ಪೊರೆಯ ಬೆಳವಣಿಗೆಗೆ ಉತ್ತೇಜನ ಕೊಡುವ ಮುಖ್ಯ ಶತ್ರು ಶಾಖ. ಕಾರು ನಿಂತಿದ್ದರೂ ಬ್ಯಾಟರಿಗೆ ವಯಸ್ಸಾಗುತ್ತದೆ. ಪೂರ್ತಿ ತುಂಬಿಸಿ ಬಿಸಿಲಿನಲ್ಲಿ ವಾರಗಟ್ಟಲೆ ನಿಲ್ಲಿಸಿದರಂತೂ ಓಡಿಸಿದ್ದಕ್ಕಿಂತ ಹೆಚ್ಚಿನ ಹಾನಿಯೂ ಆಗಬಹುದು. ಅಮೆರಿಕದ ಅರಿಜೋನಾ ಪ್ರಾಂತದ ಮರುಭೂಮಿಯ ಸೆಕೆಯಲ್ಲಿ, ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆಯಿಲ್ಲದ ನಿಸಾನ್ ಲೀಫ್ ಕಾರುಗಳು ಎರಡು ವರ್ಷ ತುಂಬುವ ಮೊದಲೇ ಗಣನೀಯವಾಗಿ ಸೊರಗಿದುವೆಂಬ ದೂರುಗಳು 2012ರಲ್ಲಿ ಕೇಳಿಬಂದವು. ಬಳಿಕ ತಯಾರಕರು ಸಾಮರ್ಥ್ಯಕ್ಕೂ ಖಾತರಿ ನೀಡಬೇಕಾಯಿತು. ಮುಂಬಯಿಯ ಸೆಕೆ ಮರುಭೂಮಿಯದಲ್ಲ, ಆದರೆ ಚಳಿಗಾಲದ ವಿರಾಮವೂ ಅಲ್ಲಿ ಅಲ್ಪವೇ. ಭಾರತದಲ್ಲಿ ಕಾರು ಕೊಳ್ಳುವವರು ಬಣ್ಣ, ಪರದೆಗಳನ್ನು ನೋಡುವುದಕ್ಕೆ ಮುಂಚೆ ಬ್ಯಾಟರಿಗೆ ದ್ರವದಿಂದ ತಂಪು ನೀಡುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸುವುದು ಮೇಲು.

ಪರೇಲಿನ ಸಂಚಾರವು ಈ ದೃಷ್ಟಿಯಿಂದ ಅಷ್ಟೇನೂ ಪ್ರತಿಕೂಲವಲ್ಲ. 2025ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ಸೇತುವೆಯನ್ನು ಕೆಡವಲು ಮುಚ್ಚಿದಾಗ ವಾಹನಗಳು ತೆವಳಿದ್ದನ್ನು ಅಲ್ಲಿನವರು ಮರೆತಿರಲಾರರು. ಪೆಟ್ರೋಲ್ ಕಾರು ಇಂಥ ಕಡೆ ಇಂಧನವನ್ನು ಪೋಲು ಮಾಡಿದರೆ, ವಿದ್ಯುತ್ ಕಾರು ನಿಂತಾಗ ಹೆಚ್ಚುಕಡಿಮೆ ಹವಾನಿಯಂತ್ರಣಕ್ಕಷ್ಟೇ ಶಕ್ತಿ ಬಳಸುತ್ತದೆ; ವೇಗ ತಗ್ಗಿಸುವಾಗ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಅಲ್ಲಿನ ನಿಜವಾದ ತೊಡಕು ನಿಲುಗಡೆಯದು. ಗಿರಣಿಗಳಿದ್ದ ಜಾಗದಲ್ಲಿ ಎದ್ದಿರುವ ಗಗನಚುಂಬಿಗಳಲ್ಲಿ ಕಾರಿಗೊಂದು ಸ್ಥಳವಿದೆ. ಪಕ್ಕದ ಹಳೆಯ ಚಾಳಿನಲ್ಲಿ ಮನುಷ್ಯರಿಗೇ ಸ್ಥಳವಿಲ್ಲ. ಚಾಳಿನ ನಿವಾಸಿ ಬೀದಿಯ ತ್ವರಿತ ಚಾರ್ಜಿಂಗ್ ಕೇಂದ್ರವನ್ನೇ ನೆಚ್ಚಬೇಕು. ತ್ವರಿತ ಚಾರ್ಜಿಂಗಿನಿಂದ ಬ್ಯಾಟರಿ ಬಿಸಿಯಾಗುತ್ತದೆ. ಅಪರೂಪಕ್ಕೆ ಚಿಂತೆಯಿಲ್ಲ, ನಿತ್ಯವೂ ಅದೇ ಆದರೆ ಆಯುಷ್ಯ ತಗ್ಗುತ್ತದೆ. ಮನೆಯಲ್ಲಿ ಅಥವಾ ಕಚೇರಿಯಲ್ಲಿ ಇರುವ ಸಂಪರ್ಕದಿಂದಲೇ ವಾಹನಕ್ಕೆ ವಿದ್ಯುತ್ತು ತುಂಬಬಹುದೆಂದು ಕೇಂದ್ರ ವಿದ್ಯುತ್ ಮಂತ್ರಾಲಯದ 2022ರ ಮಾರ್ಗಸೂಚಿಗಳು ತಿಳಿಸಿವೆ. ಹಿಂಜರಿಯುವ ಸೊಸೈಟಿಗಳ ಗಮನಕ್ಕೆ ಇದನ್ನು ತರಬಹುದು.

ಇಳಿಕೆಯ ಪ್ರಮಾಣವೆಷ್ಟು? ಸುಮಾರು ಹತ್ತು ಸಾವಿರ ವಾಹನಗಳ ಮಾಹಿತಿಯನ್ನು ಪರಿಶೀಲಿಸಿದ ಕೆನಡಾದ ಜಿಯೋಟ್ಯಾಬ್ ಸಂಸ್ಥೆಯು 2024ರಲ್ಲಿ ವರ್ಷಕ್ಕೆ ಸರಾಸರಿ ಶೇಕಡಾ 1.8 ಎಂದು ಅಂದಾಜು ಮಾಡಿತು. ಸರಾಸರಿ ಎಂಬುದು ಪ್ರತಿಯೊಂದು ಕಾರಿನ ಜಾತಕವಲ್ಲ. ಉದಾಹರಣೆಗೆ, 30 ಕಿಲೋವಾಟ್ ಗಂಟೆಯ ಬ್ಯಾಟರಿಯಿರುವ ಕಾರು ಒಂದು ಯೂನಿಟ್ಟಿಗೆ 7 ಕಿ.ಮೀ. ಓಡುವುದೆಂದು ಇಟ್ಟುಕೊಂಡರೆ ಹೊಸತರಲ್ಲಿ ಅದರ ವ್ಯಾಪ್ತಿ 210 ಕಿ.ಮೀ. ಶೇಕಡಾ 20ರಷ್ಟು ಸಾಮರ್ಥ್ಯ ಕಳೆದ ಮೇಲೆ ಉಳಿಯುವುದು 168. ಪರೇಲಿನಿಂದ ಠಾಣೆಗೆ ಹೋಗಿ ಬರುವವನಿಗೆ ದಿನಕ್ಕೆ ಸುಮಾರು 60 ಕಿ.ಮೀ. ಸಾಕು, ಅವನಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಪುಣೆಗೆ ಹೋಗುವವನ ಪಾಡು ಬೇರೆ. ದಾರಿ ಸುಮಾರು 150 ಕಿ.ಮೀ., ನಡುವೆ ಬೋರ್ ಘಾಟಿನ ಏರು. ಆಪತ್ತಿಗೆಂದು ಶೇಕಡಾ 15 ಉಳಿಸಿಕೊಂಡರೆ ಹಳೆಯ ಬ್ಯಾಟರಿಗೆ ದಕ್ಕುವುದು 143 ಮಾತ್ರ. ಹಿಂದೆ ಒಂದೇ ಉಸಿರಿಗೆ ಪುಣೆ ತಲುಪುತ್ತಿದ್ದ ಕಾರು ಈಗ ಮಧ್ಯದಲ್ಲಿ ನಿಲ್ಲಬೇಕು. ಬ್ಯಾಟರಿ ಕೆಟ್ಟಿತೆಂದು ಇದರ ಅರ್ಥವಲ್ಲ.

ಪರದೆಯ ಮೇಲೆ ತೋರುವ ಕಿಲೋಮೀಟರುಗಳನ್ನು ಮಾತ್ರ ನೋಡಿ ತೀರ್ಪು ಕೊಡಬಾರದು. ಅದು ಇತ್ತೀಚಿನ ಚಾಲನೆಯನ್ನು ಆಧರಿಸಿದ ಅಂದಾಜು. ವೇಗವಾಗಿ ಓಡಿಸಿದ ಮರುದಿನ ಅದು ತಾನಾಗಿ ಕುಗ್ಗುತ್ತದೆ. ದಿನನಿತ್ಯ ಶೇಕಡಾ 20ರಿಂದ 80ರೊಳಗೆ ತುಂಬಿಸಿಕೊಳ್ಳುವುದು ನಿಕಲ್ ಬಳಸಿದ ಬ್ಯಾಟರಿಗೆ ಹಿತ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಮಾತ್ರ ಆಗಾಗ ಪೂರ್ತಿ ತುಂಬಿಸಬೇಕೆಂದು ತಯಾರಕರು ಹೇಳುವುದುಂಟು. ಅದರ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ, ಎಷ್ಟು ಉಳಿದಿದೆಯೆಂಬುದು ಇಲ್ಲವಾದರೆ ಯಂತ್ರಕ್ಕೇ ಸರಿಯಾಗಿ ತಿಳಿಯದು. ಹೀಗಾಗಿ ಎರಡು ಬಗೆಯ ಕಾರುಗಳಿಗೆ ಒಂದೇ ಉಪದೇಶ ಸಲ್ಲದು, ಕೈಪಿಡಿಯನ್ನು ಓದಲೇಬೇಕು.

ಹಳೆಯ ಕಾರನ್ನು ಕೊಳ್ಳುವವರು ಅಧಿಕೃತ ಸೇವಾಕೇಂದ್ರದಿಂದ ಬ್ಯಾಟರಿಯ ಉಳಿದ ಸಾಮರ್ಥ್ಯದ ವರದಿಯನ್ನು ಕೇಳಿ ಪಡೆಯಬೇಕು. ಎಂಟು ವರ್ಷ ಅಥವಾ 1,60,000 ಕಿ.ಮೀ.ಗಳ ಖಾತರಿ ರೂಢಿಯಲ್ಲಿದೆ. ಅದು ಎರಡನೆಯ ಒಡೆಯನಿಗೂ ಅನ್ವಯಿಸುವುದೇ, ಸಾಮರ್ಥ್ಯ ಎಷ್ಟಕ್ಕಿಳಿದರೆ ಬದಲಿ ದೊರೆಯುವುದು ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರವಿರಲಿ. ಕಾರಿಗೆ ಸಾಲದಾದ ಬ್ಯಾಟರಿಯನ್ನು ಸೌರವಿದ್ಯುತ್ತಿನ ಸಂಗ್ರಹಕ್ಕೆ ಇನ್ನೂ ಕೆಲವು ವರ್ಷ ಬಳಸಬಹುದು. ಅದೂ ಮುಗಿದ ಮೇಲೆ ಬ್ಯಾಟರಿಯನ್ನು ಗುಜರಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ಉತ್ಪಾದಕರದು.