ಕಡಲ ತಳದ ನಕಾಶೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕಡಲ ತಳಕ್ಕೂ ನಕಾಶೆ ಬರೆಯುತ್ತಾರೆ. ಹೋಟೆಲಿನವರಿಗೆ, ಗಿರಣಿಯವರಿಗೆ ಅದರಿಂದೇನು ಎನ್ನಬೇಡಿ. ಅದೂ ದುಡಿದು ತಿನ್ನುವವರ ಪ್ರಶ್ನೆಯೇ.

ನಾವು ಅನ್ನ ಹುಡುಕಿ ಬಂದ ಈ ತಮಿಳುನಾಡಿನಲ್ಲಿಯೇ, ತೂತ್ತುಕುಡಿಯಿಂದ ರಾಮೇಶ್ವರದ ಕಡೆಗೆ 21 ದ್ವೀಪಗಳ ಸಾಲಿತ್ತು. 1986ರಲ್ಲಿ ಸರಕಾರ ಅದನ್ನು ಮನ್ನಾರ್ ಕೊಲ್ಲಿಯ ರಾಷ್ಟ್ರೀಯ ಉದ್ಯಾನವೆಂದು ಸಾರಿತು. ಎರಡು ದ್ವೀಪ ಮುಳುಗಿಹೋಗಿವೆ. ಸುಣ್ಣಕ್ಕಾಗಿ ಹವಳ ಅಗೆದದ್ದು ಅದಕ್ಕೊಂದು ಕಾರಣ.

ನಕಾಶೆ ಬರೆಯುವ ಬಗೆ ಕೇಳಿ. ದೋಣಿಯಿಂದ ಕೆಳಕ್ಕೆ ಸದ್ದು ಬಿಡುತ್ತಾರೆ. ಕಡಲ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರು ಓಡುತ್ತದೆ. ಹೋಗಿಬರಲು ಸೆಕೆಂಡಿನ ಐವತ್ತರಲ್ಲೊಂದು ಪಾಲು ಹಿಡಿದರೆ ಆಳ 15 ಮೀಟರು. ಉಪಗ್ರಹದ ಚಿತ್ರವೂ ಉಂಟು; ಆದರೆ ಆಳವಿಲ್ಲದ ತಿಳಿನೀರಿನಲ್ಲಿ ಮಾತ್ರ ಅದಕ್ಕೆ ತಳ ಕಾಣುತ್ತದೆ. ಕಂಡ ಕಪ್ಪು ಹವಳವೋ ಹುಲ್ಲೋ ಎಂಬುದನ್ನು ಮನುಷ್ಯನೇ ಮುಳುಗಿ ನೋಡಬೇಕು. ಗಲ್ಲೆಯ ಮೇಲೆ ಕುಳಿತವನಿಗೆ ಒಲೆಯ ಬಿಸಿ ತಿಳಿಯುತ್ತದೆಯೇ?

ಹವಳ ಮೀನಿನ ಮನೆ. ಹುಲ್ಲು ಕಡಲಹಸುವಿನ ಮೇವು. ಎರಡೂ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಯ ಮೀನುಗಾರರ ಹೆಂಗಸರು ನೀರಿನಲ್ಲಿ ಮುಳುಗಿ ಕಡಲಪಾಚಿ ಕಿತ್ತು ಹೊಟ್ಟೆ ಹೊರೆಯುವವರು. ಉದ್ಯಾನದ ಗೆರೆ ಬಿದ್ದ ಮೇಲೆ ದ್ವೀಪಗಳ ಬಳಿ ಅದೇ ಕಸುಬು ಅಪರಾಧವಾಯಿತು. ತಳವನ್ನೇ ಗೋರುವ ಟ್ರಾಲರಿನ ಬಲೆಗೂ ಕೈಯಿಂದ ಕೀಳುವ ಹೆಂಗಸಿಗೂ ಒಂದೇ ಗೆರೆಯೇ?

ಆ ತಳವನ್ನು ಕೈಯಿಂದ ಮುಟ್ಟಿ ಬಲ್ಲವರು ಅವರು. ನಕಾಶೆಯ ದೋಣಿಗೆ ಅವರನ್ನು ಹತ್ತಿಸಿಕೊಳ್ಳಿ, ದಿನಗೂಲಿ ಕೊಡಿ, ಗೆರೆ ಎಳೆಯುವ ಸಭೆಯಲ್ಲಿ ಅವರಿಗೂ ಕುರ್ಚಿ ಹಾಕಿ ಎಂಬುದೇ ನನ್ನ ವಾದ.