ಇಂಗ್ಲಿಷ್ ಕ್ರಿಯಾಪದಕ್ಕೆ ಕನ್ನಡದಲ್ಲಿ ಹೆಸರಿಡುವ ಬಗೆ



ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಪಾಠ ಹೇಳಿಕೊಡುವ ನಾವು ಅದರ ವ್ಯಾಕರಣವನ್ನು ವಿವರಿಸುವುದು ಕನ್ನಡದಲ್ಲೇ, ಅದು ಸರಿಯಾದದ್ದೇ. ಆದರೆ ಇಂಗ್ಲಿಷಿನ ಒಂದು ಕ್ರಿಯಾಪದದ ಮಾತು ಬಂದಾಗ ಅದನ್ನು ಏನೆಂದು ಹೆಸರಿಸುತ್ತೇವೆ? ಮಕ್ಕಳ ಎಷ್ಟೋ ತಪ್ಪುಗಳ ಬೇರು ಇಲ್ಲಿದೆ.

'ಸ್ವಿಮ್ ಅಂದರೆ ಈಜುವುದು' ಎಂದು ಹೇಳಿಕೊಟ್ಟೆವು ಅನ್ನಿ. 'ಈಜುವುದು ಒಳ್ಳೆಯದು' ಎನ್ನಬೇಕಾದಾಗ ಮಗು 'ಸ್ವಿಮ್ ಈಸ್ ಗುಡ್' ಎಂದು ಬರೆಯುತ್ತದೆ. ಅಲ್ಲಿ ಬೇಕಾದದ್ದು 'ಸ್ವಿಮ್ಮಿಂಗ್'. 'ಟು ಗೋ ಅಂದರೆ ಹೋಗಲು' ಎಂದೆವು. 'ನನಗೆ ಹೋಗಲು ಆಗುತ್ತದೆ' ಎಂಬುದು 'ಐ ಕ್ಯಾನ್ ಟು ಗೋ' ಆಗುತ್ತದೆ. ಮಗು ನಾವು ಕೊಟ್ಟ ಹೆಸರನ್ನು ನಂಬಿಯೇ ಬರೆದಿದೆ.

ಇದಕ್ಕೆ ದಾರಿ ನಮ್ಮ ವ್ಯಾಕರಣದಲ್ಲೇ ಇದೆ. ಸುಮಾರು 1260ರಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಧಾತುವನ್ನು ಪ್ರತ್ಯಯ ಹತ್ತದ, ಕ್ರಿಯೆಯ ಅರ್ಥಕ್ಕೆ ಮೂಲವಾದ ರೂಪವೆಂದು ಬೇರ್ಪಡಿಸಿದ. ಧಾತುಗಳ ಪಟ್ಟಿಯನ್ನೂ ಕೊಟ್ಟ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲೂ 'ಮಾಡು' ಎಂಬ ಮೂಲರೂಪವೇ ತಲೆಪದ. 'ಮಾಡು' ಆಜ್ಞೆಯಂತೆ ಕೇಳಿಸಿದರೂ ಧಾತುವೂ ಆಜ್ಞೆಯೂ ಒಂದೇ ಅಲ್ಲವೆಂಬುದಕ್ಕೆ ದಿನಬಳಕೆಯ ಮಾತೇ ಸಾಕ್ಷಿ: ಧಾತು 'ಬರು', ಆದರೆ ಕರೆಯುವಾಗ 'ಬಾ' ಎನ್ನುತ್ತೇವೆ. ಆದ್ದರಿಂದ 'ಕಮ್' ಎಂಬ ಧಾತುವಿಗೆ 'ಬರು' ಎಂದೇ ಅರ್ಥ ಬರೆಸೋಣ.

'ಆಮ್, ಈಸ್, ಆರ್, ವಾಸ್, ವರ್' ಇವುಗಳನ್ನು ಬಿಡಿ ಪದಗಳಾಗಿ ಉರು ಹೊಡೆಸುವ ಬದಲು 'ಬಿ ಧಾತುವಿನ ರೂಪಗಳು' ಎನ್ನೋಣ. ಕ್ರಿಯಾಪದದ ಮೂರು ರೂಪಗಳಿಗೆ ಕೊಡುವ 'ವಿ ಒನ್, ವಿ ಟು, ವಿ ತ್ರೀ' ಎಂಬ ಅಂಕಿಗಳು ಪಟ್ಟಿಗೆ ಅನುಕೂಲ. ಆ ರೂಪಗಳ ಕೆಲಸವನ್ನು ಅವು ಹೇಳುವುದಿಲ್ಲ. ಮೂರನೆಯ ರೂಪವನ್ನು ಭೂತಕಾಲವೆಂದೇ ತಿಳಿದ ಮಗು 'ವಿಲ್ ಬಿ ರಿಟನ್' ಕಂಡಾಗ ತಬ್ಬಿಬ್ಬಾಗುತ್ತದೆ, ಅಲ್ಲಿರುವುದು ಭವಿಷ್ಯತ್ತು.

ನನ್ನ ವಿನಂತಿ ಇಷ್ಟೇ. ಹಲಗೆಯ ಮೇಲೆ ಧಾತುವನ್ನಷ್ಟೇ ಬರೆದು ಕೆಳಗೆ ಗೆರೆ ಎಳೆಯಿರಿ. 'ಟು' ಬೇಕಾದದ್ದು 'ವಾಂಟ್' ಬಂದಾಗ, 'ಕ್ಯಾನ್' ಬಂದಾಗ ಬೇಡ. ಇದನ್ನು ವಾಕ್ಯದಲ್ಲೇ ತೋರಿಸಿ. ಆರಂಭದಿಂದ ಹತ್ತನೆಯ ತರಗತಿವರೆಗೆ ಎಲ್ಲ ಮೇಷ್ಟ್ರೂ ಇದೇ ಒಂದು ಪದ್ಧತಿ ಹಿಡಿದರೆ, ಕನ್ನಡದ ಮಗು ಇಂಗ್ಲಿಷ್ ವಾಕ್ಯವನ್ನು ತಿಳಿದು ಕಟ್ಟುತ್ತದೆ.